ಕರಿಯನ ತಟ್ಟೆ, ಗೌರಿಯ ಬಾನಿ

21 ಜುಲೈ 2024, ಭಾನುವಾರ
ತೀರ್ಥಹಳ್ಳಿ ಸಮೀಪದ ನಮ್ಮ ಮನೆ

ಪುನರ್ವಸು ಮುಗಿದು ಪುಷ್ಯ ಹಿಡಿದಿದೆ. ಹೆಸರು ಬದಲಾದದ್ದು ಪಂಚಾಂಗಕ್ಕೆ ಗೊತ್ತು, ಮಳೆಗೆ ಗೊತ್ತಿಲ್ಲ. ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಮೊಬೈಲಿನಲ್ಲಿ ಉಳಿದಿರುವ ಚಾರ್ಜಿನಲ್ಲೇ ಇದನ್ನು ಬರೆದಿಟ್ಟು, ಸಿಗ್ನಲ್ ಸಿಕ್ಕಾಗ ಹಾಕುತ್ತೇನೆ.

ನಿನ್ನೆ ರಕ್ತದ ವರದಿ ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದೆ. ಟಿಟಿಜಿ ಎಂಬ ಪ್ರತಿಕಾಯದ ಲೆಕ್ಕ ಅದು, ಇಳಿದಷ್ಟೂ ಒಳ್ಳೆಯದು. ಕಳೆದ ವರ್ಷ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾದಾಗ 128 ಇತ್ತು. ಗೋಧಿ ಬಿಟ್ಟು ಆರು ತಿಂಗಳಿಗೆ 61ಕ್ಕೆ ಇಳಿಯಿತು. ನಿನ್ನೆಯದು 58. ಇಳಿದಿದೆ ಎಂದು ಸಂತೋಷಪಡುವ ಹಾಗಿಲ್ಲ, ಇಳಿದಿಲ್ಲ ಎಂದು ಜಗಳಕ್ಕೆ ನಿಲ್ಲುವ ಹಾಗೂ ಇಲ್ಲ. "ಎಲ್ಲಿಂದಲೋ ಗೋಧಿ ಒಳಗೆ ಹೋಗುತ್ತಿದೆಯಮ್ಮ, ನೆನಪು ಮಾಡಿಕೊಳ್ಳಿ" ಎಂದರು ಡಾಕ್ಟರು. ಕದ್ದು ಚಪಾತಿ ತಿಂದವಳನ್ನು ವಿಚಾರಿಸುವ ಧಾಟಿಯಂತೆ ಕೇಳಿಸಿ ನನಗೆ ಸಿಟ್ಟು ಬಂತು.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಎಂಟು ವರ್ಷ ನನ್ನದು ಬರೀ ರಕ್ತಹೀನತೆ ಎಂದೇ ಎಲ್ಲರೂ ನಂಬಿದ್ದೆವು. ನುಂಗಿದ ಮಾತ್ರೆಗಳ ಕಬ್ಬಿಣವನ್ನೆಲ್ಲ ಒಟ್ಟು ಮಾಡಿದ್ದರೆ ಒಂದು ಕತ್ತಿ ಬಡಿಸಬಹುದಿತ್ತು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದಾಗ ಕಾರಣ ತಿಳಿಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ನನ್ನ ದೇಹ ತನ್ನ ಕರುಳಿನ ಮೇಲೆ ತಾನೇ ಕಾದಾಟಕ್ಕೆ ನಿಲ್ಲುತ್ತದೆ. ಒಳಗೋಡೆಯ ಎಳೆಗಳು ಸವೆದು ಮಟ್ಟಸವಾಗುತ್ತವೆ. ಕಬ್ಬಿಣವನ್ನು ಹೀರಿಕೊಳ್ಳಬೇಕಾದದ್ದು ಅವೇ.

ಮಲೆನಾಡಿನವರಿಗೆ ಇದು ಅಷ್ಟೇನೂ ಕಷ್ಟದ ಪಥ್ಯವಲ್ಲ. ಕಡುಬು, ಅಕ್ಕಿ ರೊಟ್ಟಿ, ನೀರುದೋಸೆ, ಗಂಜಿ. ಕಾಯಿಲೆ ಊರು ನೋಡಿಕೊಂಡೇ ಬಂದಂತಿತ್ತು. ಕಳ್ಳದಾರಿಗಳನ್ನೂ ಮುಚ್ಚಿದ್ದೆ. ಅಂಗಡಿಯ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಮೈದಾ ಬೆರೆಸಿರುತ್ತಾರೆ, ಅದನ್ನು ಬಿಟ್ಟೆ. ಗಿರಣಿಯಲ್ಲಿ ನಮಗಿಂತ ಮುಂಚೆ ಯಾರಾದರೂ ಗೋಧಿ ಬೀಸಿಸಿದ್ದರೆ ಅದರ ಉಳಿಕೆ ನಮ್ಮ ಅಕ್ಕಿ ಹಿಟ್ಟಿಗೂ ಬರುತ್ತದೆಂದು ಮನೆಯಲ್ಲೇ ಹಿಟ್ಟು ಮಾಡಿಕೊಳ್ಳುತ್ತಿದ್ದೇನೆ. ಅತ್ತೆಯ ಬಿಸ್ಕತ್ತಿನ ಡಬ್ಬಿ ಕೂಡ ಅಡುಗೆಮನೆ ಬಿಟ್ಟು ಜಗಲಿಗೆ ಹೋಗಿ ಕುಳಿತಿದೆ. ಇನ್ನೇನು ಬಾಕಿ?

ವಾಪಸ್ ಬರುವಾಗ ಮಂಡಗದ್ದೆ ದಾಟುವವರೆಗೂ ಅದನ್ನೇ ಯೋಚಿಸುತ್ತಿದ್ದೆ. ಹೊಳೆಯ ನಡುವಿನ ಮರಗಳ ತುಂಬ ಬೆಳ್ಳಕ್ಕಿಗಳಿದ್ದವು. ಅವನ್ನೂ ಸರಿಯಾಗಿ ನೋಡಲಿಲ್ಲ. ತೀರ್ಥಹಳ್ಳಿಯಲ್ಲಿ ಇಳಿದರೆ ನಮ್ಮ ಮನೆಯವರು ಪಶು ಆಹಾರದ ಅಂಗಡಿಯ ಮುಂದೆ ಜೀಪು ನಿಲ್ಲಿಸಿಕೊಂಡಿದ್ದರು. ಹುಡುಗ ಚೀಲ ಏರಿಸಿ ಚೀಟಿಯನ್ನು ನನ್ನ ಕೈಗೆ ಕೊಟ್ಟ. ಗೋಧಿ ಬೂಸಾ, 1 ಚೀಲ.

ಮನೆ ಮುಟ್ಟುವವರೆಗೆ ನಾನು ಮಾತನಾಡಲಿಲ್ಲ.

ದಿನಕ್ಕೆರಡು ಸಲ ನಮ್ಮ ಹಸು ಗೌರಿಯ ಬಾನಿಗೆ ಅಕ್ಕಚ್ಚು ಸುರಿದು, ಮೇಲೆ ಬೂಸಾ ಬೊಗಸೆಯಲ್ಲಿ ಹಾಕಿ ಮೊಣಕೈವರೆಗೆ ಕಲಸುವವಳು ನಾನು. ಮಳೆಗಾಲವಾದ್ದರಿಂದ ಕೊಟ್ಟಿಗೆಗೆ ಸುತ್ತಲೂ ತಡಿಕೆ ಕಟ್ಟಿದೆ, ಗಾಳಿಯಾಡುವುದಿಲ್ಲ. ಚೀಲ ಬಗ್ಗಿಸಿದರೆ ಏಳುವ ಧೂಳಿಗೆ ಸೀನು ಬರುತ್ತದೆ, ಬಾಯಿಯಲ್ಲಿ ಹಿಟ್ಟಿನ ರುಚಿ ಕೂಡ. ಆ ರುಚಿ ನನಗೆ ಪ್ರತಿದಿನವೂ ತಿಳಿಯುತ್ತಿತ್ತು. ಅದನ್ನು ತಿಂದದ್ದೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಗ್ಲುಟೆನ್ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ. ಬೂಸಾ ಮುಟ್ಟಿದ ಮಾತ್ರಕ್ಕೆ ಏನೂ ಆಗದು, ನುಂಗಿದರೆ ಮಾತ್ರ ತೊಂದರೆ. ಆದರೆ ಉಸಿರಿನ ಜೊತೆ ಎಳೆದುಕೊಂಡ ಧೂಳು ಗಂಟಲಿನಲ್ಲಿ ಕುಳಿತು ಜೊಲ್ಲಿನೊಡನೆ ಹೊಟ್ಟೆಗೇ ಇಳಿಯುತ್ತದೆ. 2007ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಇಬ್ಬರು ರೈತರ ಕತೆ ಬಂದಿತ್ತು. ಪಥ್ಯ ಕಟ್ಟುನಿಟ್ಟಾಗಿದ್ದರೂ ಅವರ ಕಾಯಿಲೆ ಹಿಡಿತಕ್ಕೆ ಬಂದಿರಲಿಲ್ಲ; ಮುಚ್ಚಿದ ಜಾಗದಲ್ಲಿ ದನಗಳಿಗೆ ಹಾಕುತ್ತಿದ್ದ ಧಾನ್ಯದ ಧೂಳೇ ಕಾರಣವಾಗಿತ್ತು. ನಿನ್ನೆ ರಾತ್ರಿ ಇದನ್ನು ಓದಿ ನಮ್ಮ ಮನೆಯವರನ್ನು ಎಬ್ಬಿಸಿ ಹೇಳಿದೆ. "ಬೆಳಿಗ್ಗೆ ನೋಡೋಣ" ಎಂದು ಮಗ್ಗುಲು ಬದಲಿಸಿದರು.

ಬೆಳಿಗ್ಗೆ ನೋಡಿದ್ದು ನಮ್ಮ ನಾಯಿ ಕರಿಯನ ಚೀಲವನ್ನು. ಮೈದುನ ಬೆಂಗಳೂರಿನಿಂದ ಬರುವಾಗಲೆಲ್ಲ ತರುವ ಒಣ ನಾಯಿ ಆಹಾರ. ಒಂದೂವರೆ ವರ್ಷದಿಂದ ಅಂಗಡಿಯ ಪ್ರತಿ ಪೊಟ್ಟಣದ ಹಿಂಬದಿ ಓದುವ ನಾನು ಇದರದ್ದನ್ನು ಓದಿರಲಿಲ್ಲ, ತಿನ್ನುವುದು ನಾನಲ್ಲವಲ್ಲ! ಪಟ್ಟಿಯಲ್ಲಿ ಎರಡನೆಯ ಹೆಸರೇ ಗೋಧಿ, ಇನ್ನೂ ಕೆಳಗೆ ಗೋಧಿ ಗ್ಲುಟೆನ್. ಪ್ರೋಟೀನಿಗೆಂದು ಗ್ಲುಟೆನ್ನನ್ನೇ ಬೇರ್ಪಡಿಸಿ ಸೇರಿಸುತ್ತಾರೆ. 2007ರಲ್ಲೇ, ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ ಮೆಲಮಿನ್ ಎಂಬ ರಾಸಾಯನಿಕ ಬೆರೆತು ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಸತ್ತು ದೊಡ್ಡ ಗಲಾಟೆಯಾಗಿತ್ತು. ಈ ಪದಾರ್ಥ ಅವುಗಳ ಆಹಾರದಲ್ಲಿದೆ ಎಂದು ಬಹಳ ಜನಕ್ಕೆ ಆಗಲೇ ತಿಳಿದಿರಬೇಕು. ನನಗೆ ಇವತ್ತು ತಿಳಿಯಿತು.

ಆ ಕಾಳನ್ನು ನಾನು ಬರಿಗೈಯಲ್ಲಿ ಹಾಕುತ್ತೇನೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಜಗಲಿಯಲ್ಲಿ ಕುಳಿತು ಹಲಸಿನ ಹಪ್ಪಳ ಮುರಿಯುತ್ತೇನೆ. ತಿಂದು ಮುಗಿಸಿದ ಕರಿಯ ಬಂದು ಕೈ ನೆಕ್ಕುತ್ತಾನೆ, ಬಗ್ಗಿದರೆ ಗಲ್ಲವನ್ನೂ ನೆಕ್ಕುತ್ತಾನೆ. ಅವನ ತಟ್ಟೆಯನ್ನು ನಮ್ಮ ಲೋಟ ತಿಕ್ಕುವ ನಾರಿನಿಂದಲೇ ತಿಕ್ಕುತ್ತೇನೆ. ಇಷ್ಟರಿಂದ ಏನಾದೀತು ಎನ್ನುವವರಿಗೆ: ನಮ್ಮಂಥವರಿಗೆ ಹೊಟ್ಟೆಗೆ ಹೋಗುವ ಗ್ಲುಟೆನ್ ದಿನಕ್ಕೆ ಸುಮಾರು 10 ಮಿಲಿಗ್ರಾಂ ಒಳಗಿದ್ದರೆ ಬಹುಮಟ್ಟಿಗೆ ತೊಂದರೆಯಿಲ್ಲ ಎನ್ನುತ್ತಾರೆ. ಒಂದು ಚಪಾತಿಯಲ್ಲಿ ಎರಡು ಗ್ರಾಂ ಗ್ಲುಟೆನ್ ಇದೆಯೆಂದು ಹಿಡಿದರೂ ಅದನ್ನು ಇನ್ನೂರು ಚೂರು ಮಾಡಿದಾಗ ಸಿಗುವ ಒಂದೇ ಚೂರಿನಲ್ಲಿ ಅಷ್ಟಿರುತ್ತದೆ.

ಅತ್ತೆಗೆ ಇದನ್ನೆಲ್ಲ ವಿವರಿಸುವುದರಲ್ಲಿ ಮಧ್ಯಾಹ್ನವಾಯಿತು.

"ನಾರನ್ನು ಕುದಿಯುವ ನೀರಿಗೆ ಹಾಕಿದರಾಯಿತಲ್ಲ?"

"ಇದು ಕ್ರಿಮಿಯಲ್ಲ ಅತ್ತೆ, ಕುದಿಸಿದರೆ ಸಾಯುವುದಿಲ್ಲ. ಸೋಪು ಹಾಕಿ ತೊಳೆದು ಹೋಗಬೇಕು." (ಕೈಗೆ ಹಚ್ಚುವ ಸ್ಯಾನಿಟೈಸರ್‌ನಿಂದಲೂ ಹೋಗುವುದಿಲ್ಲ.)

ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ, "ಹಾಗಾದರೆ ಗೌರಿಯ ಹಾಲು? ಅವಳು ತಿನ್ನುವುದು ಬೂಸಾ ತಾನೆ?" ಎಂದರು.

ಒಳ್ಳೆಯ ಪ್ರಶ್ನೆ, ನಾನೂ ಒಂದು ಕ್ಷಣ ಬೆಚ್ಚಿದೆ. ಹಾಲಿಗೆ ಗ್ಲುಟೆನ್ ಬರುವುದಿಲ್ಲ. ಅದೆಲ್ಲ ಅವಳ ಹೊಟ್ಟೆಯಲ್ಲೇ ಜೀರ್ಣವಾಗಿ ಮುಗಿಯುತ್ತದೆ. ಕರೆಯುವಾಗ ತಂಬಿಗೆಗೆ ಬೂಸಾ ಧೂಳು ಬೀಳದಿದ್ದರೆ ಸಾಕು. ಇಷ್ಟು ದಿನ ಅವಳಿಗೆ ಬೂಸಾ ಹಾಕಿಯೇ ಹಾಲು ಕರೆಯುತ್ತಿದ್ದೆ ಎಂದು ನೆನಪಾಗಿ ಸುಮ್ಮನಾದೆ.

ಹೀಗೆ ತೀರ್ಮಾನವಾಯಿತು. ಕರಿಯನ ತಟ್ಟೆಗೆ ಬೇರೆ ನಾರು, ತೊಳೆಯುವುದು ಬಚ್ಚಲ ಹೊರಗಿನ ಕಲ್ಲಿನ ಮೇಲೆ. ಅವನ ಚೀಲ ಮುಚ್ಚಳದ ಡಬ್ಬದಲ್ಲಿ, ಖಾಲಿಯಾಗುವವರೆಗೆ ಹಾಕುವವರು ನಮ್ಮ ಮನೆಯವರು. ಆಮೇಲೆ ಅಕ್ಕಿ ಮತ್ತು ಮಾಂಸದ ಆಹಾರಕ್ಕೆ ಬದಲಾಯಿಸುವ ಯೋಚನೆಯಿದೆ, ಪಶುವೈದ್ಯರನ್ನು ಕೇಳಿಕೊಂಡು. ಮೈದುನ ಫೋನಿನಲ್ಲಿ 'ಗ್ರೇನ್ ಫ್ರೀ' ತರುತ್ತೇನೆ ಎಂದ, ಬೇಡವೆಂದೆ. ನನಗೆ ಅಕ್ಕಿ, ಮುಸುಕಿನ ಜೋಳದ ಮೇಲೆ ದ್ವೇಷವಿಲ್ಲ. ಮೇಲಾಗಿ ಧಾನ್ಯವಿಲ್ಲದ ಕೆಲವು ಆಹಾರಗಳಿಗೂ ನಾಯಿಗಳ ಹೃದಯದ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತ್ತು. ನನ್ನ ಕರುಳಿಗಾಗಿ ಅವನ ಹೃದಯವನ್ನೇಕೆ ಪಣಕ್ಕಿಡಬೇಕು? ಬೆಕ್ಕಿನದು ಸುಲಭ, ಅನ್ನ ಮೀನು ತಿನ್ನುತ್ತದೆ, ಉಳಿದದ್ದಕ್ಕೆ ಅಡಿಕೆ ತೋಟವಿದೆ. ಪೇಟೆಯಲ್ಲಿ ಬೆಕ್ಕಿನ ಮಲಕ್ಕೆಂದು ಹಾಸುವ ಪುಡಿಯನ್ನೂ ಗೋಧಿಯಿಂದ ಮಾಡುವುದುಂಟಂತೆ, ಪೇಟೆಯವರು ನೋಡಿಕೊಳ್ಳಬೇಕು.

ಗೌರಿಯದು ಇತ್ಯರ್ಥವಾಗಿಲ್ಲ. ಬೂಸಾ ಬದಲು ತೌಡು ಹಾಕೋಣ ಎಂದೆ. "ಮಳೆಗಾಲದಲ್ಲಿ ತೌಡು ವಾರದೊಳಗೆ ಕಮಟಾಗುತ್ತದೆ, ಹಾಲೂ ಇಳಿದೀತು" ಎಂದರು ಇವರು. ಅವರ ಮಾತೂ ಸುಳ್ಳಲ್ಲ. ಸದ್ಯಕ್ಕೆ ಸ್ವಲ್ಪ ಸ್ವಲ್ಪವೇ ತೌಡು ತರುವುದು, ಬೂಸಾ ಹಾಕುವುದಾದರೆ ಚೀಲದ ಬಾಯಲ್ಲೇ ನೀರು ಚಿಮುಕಿಸಿ ಅವರೇ ಕಲಸುವುದು, ಧೂಳು ಅಡಗಿದ ಮೇಲೆ ನಾನು ಮಾಸ್ಕ್ ಹಾಕಿಕೊಂಡು ಹಾಲು ಕರೆಯುವುದು ಎಂದಾಗಿದೆ. ಕೊರೊನಾ ಕಾಲದ ಮಾಸ್ಕುಗಳು ಅಟ್ಟದಲ್ಲಿವೆ. ಸಂಜೆ ಒಂದನ್ನು ಹಾಕಿಕೊಂಡು ಹೋದೆ, ಗೌರಿ ಗುರುತು ಹಿಡಿಯದೆ ಒದೆಯಲು ಬಂದಳು.

ಈಗ ಅತ್ತೆ ಜಗಲಿಯಲ್ಲಿ ಕಾಫಿಗೆ ಬಿಸ್ಕತ್ತು ಅದ್ದುತ್ತಿದ್ದಾರೆ. ಪ್ರತಿದಿನ ಅರ್ಧ ಕರಿಯನಿಗೆ. ಇವತ್ತು ಬೆಳಗಿನ ಅಕ್ಕಿ ರೊಟ್ಟಿಯ ಚೂರು ಎಸೆದರು. ಅವನು ಮೂಸಿ ನೋಡಿ, ಡಬ್ಬಿಯ ಪಕ್ಕ ಹೋಗಿ ಕುಳಿತಿದ್ದಾನೆ. ಅತ್ತೆ ನನ್ನ ಕಡೆ ನೋಡುತ್ತಿದ್ದಾರೆ. ಮೊಬೈಲು ಶೇಕಡಾ 6. ಮುಂದಿನ ರಕ್ತ ಪರೀಕ್ಷೆ ಅಕ್ಟೋಬರ್‌ನಲ್ಲಿ.