ಕ್ರಾಲ್ ಸ್ಪೇಸಿಗೆ ಗಾಳಿ ಬೇಡ

ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ನಾವಿರೋ ಮನೆ 1980ರ ದಶಕದ್ದು. ಇಟ್ಟಿಗೆಯ ಗಿಡ್ಡ ಗೋಡೆ, ನಡುನಡುವೆ ಇಟ್ಟಿಗೆ ಕಂಬ, ಮೇಲೆ ಮರದ ತೊಲೆ, ತೊಲೆ ಮೇಲೆ ಮನೆ. ಕೆಳಗೆ ಉಳಿಯೋ ಮೂರಡಿ ಸಂದಿಯೇ ಕ್ರಾಲ್ ಸ್ಪೇಸ್. ಎಸಿ ಡಕ್ಟು, ಪೈಪು, ವೈರು ಎಲ್ಲ ಅಲ್ಲೇ. ಜೊತೆಗೆ ಕ್ಯಾಮೆಲ್ ಕ್ರಿಕೆಟ್ ಅನ್ನೋ ಉದ್ದ ಕಾಲಿನ ಹುಳ. ಟಾರ್ಚ್ ಬಿಟ್ಟರೆ ಓಡೋದು ಬಿಟ್ಟು ಮುಖಕ್ಕೇ ಹಾರುತ್ತೆ. ಒಂದು ಹುಳ ಹಾರಿದ್ದೇ ತಡ, ನಮ್ಮ ಯಜಮಾನರು ಕೈ ಮುಗಿದು ಹೊರಗೆ ಬಂದುಬಿಟ್ಟರು. ನಾನು ಸಾಗರದ ಕಡೆಯವಳು, ಹುಳ ಹುಪ್ಪಟೆ ನೋಡಿಯೇ ಬೆಳೆದವಳು. ಹಾಗಾಗಿ ಕೆಳಗಿನ ಉಸ್ತುವಾರಿ ನನ್ನ ಪಾಲಿಗೆ ಬಂತು.

ಜುಲೈನಲ್ಲಿ ಊಟದ ಕೋಣೆಯ ಮರದ ನೆಲ ಹಲಗೆ ಹಲಗೆಯಾಗಿ ಅಂಚು ಎತ್ತತೊಡಗಿತ್ತು, ಬೂಷ್ಟಿನ ವಾಸನೆ ಬೇರೆ. ಕೆಳಗೆ ತೆವಳಿ ನೋಡಿದರೆ ಡಕ್ಟಿನ ಬೆಳ್ಳಿ ಬಣ್ಣದ ಹೊದಿಕೆ ಪೂರ್ತಿ ನೀರ ಹನಿ. ಹೊಟ್ಟೆ ಜೋತ ಕಡೆ ಹನಿಗಳು ಕೂಡಿ ತೊಟ್ಟಿಕ್ಕಿ, ಕೆಂಪು ಜೇಡಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ತೊಲೆಗಳ ನಡುವೆ ತುರುಕಿದ್ದ ಗುಲಾಬಿ ಫೈಬರ್‌ಗ್ಲಾಸ್ (ಚಳಿ, ಬಿಸಿ ತಡೆಯೋ ಹತ್ತಿಯಂಥ ಹೊದಿಕೆ) ಒದ್ದೆಯಾಗಿ ಭಾರಕ್ಕೆ ಕಳಚಿ ನೇತಾಡ್ತಿತ್ತು. ಮಾಯಿಶ್ಚರ್ ಮೀಟರಿನ ಎರಡು ಮುಳ್ಳನ್ನು ತೊಲೆಗೆ ಚುಚ್ಚಿದೆ: ಶೇ 22. ಮರದ ತೇವ 20 ದಾಟಿದರೆ ಯೋಚನೆ ಮಾಡಬೇಕು, 28ರ ಹತ್ತಿರ ಹೋದರೆ ಕೊಳೆಸೋ ಶಿಲೀಂಧ್ರಕ್ಕೆ ಹಬ್ಬ.

ನೋಡೋಕೆ ಬಂದ ಕಂಪನಿಯವರು, ಗೋಡೆಯಲ್ಲಿರೋ ಗಾಳಿಕಿಂಡಿಗಳು ಸಾಲದು, ಫ್ಯಾನ್ ಹಾಕೋಣ ಅಂದರು. ಪಕ್ಕದ ಮನೆ ಅಜ್ಜನದೂ ಅದೇ ಮಂತ್ರ, ಮನೆ ಉಸಿರಾಡಬೇಕಮ್ಮಾ ಅಂತ. ಚಳಿಗಾಲಕ್ಕೆ ಸರಿ. ಆದರೆ ಇಲ್ಲಿಯ ಬೇಸಿಗೆಯ ಲೆಕ್ಕ ಹಾಕಿ ನೋಡಿ. ಹೊರಗೆ 32 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ 60 ಇದ್ದರೆ, ಆ ಗಾಳಿ ಸುಮಾರು 23 ಡಿಗ್ರಿಗೆ ಇಳಿದ ಕೂಡಲೇ ನೀರು ಬಿಡುತ್ತೆ. ಮನೆಯಡಿಯ ಮಣ್ಣು, ಇಟ್ಟಿಗೆ 22ರ ಆಸುಪಾಸಿನಲ್ಲಿರುತ್ತೆ. ಡಕ್ಟಿನೊಳಗೆ ಹರಿಯೋ ಗಾಳಿಯಂತೂ 13. ಫ್ಯಾನ್ ಹಾಕೋದು ಅಂದ್ರೆ ದುಡ್ಡು ಕೊಟ್ಟು ನೀರು ಒಳಗೆ ತರಿಸಿಕೊಂಡ ಹಾಗೆ. ನಮ್ಮೂರಲ್ಲಿ ಆಷಾಢದ ಜಡಿಮಳೆಯಲ್ಲಿ ಕಿಟಕಿ ತೆಗೆದು ಯಾರಾದರೂ ಬಟ್ಟೆ ಒಣಗಿಸ್ತಾರಾ? ಒಲೆ ಮೇಲೆ ಹಗ್ಗ ಕಟ್ಟಿ ಹರವುತ್ತಾರೆ.

ಇದು ನನ್ನ ತರ್ಕ ಮಾತ್ರ ಅಲ್ಲ. ರಾಲಿಯಲ್ಲಿರೋ ಅಡ್ವಾನ್ಸ್ಡ್ ಎನರ್ಜಿ ಅನ್ನೋ ಲಾಭರಹಿತ ಸಂಸ್ಥೆ ಇದೇ ರಾಜ್ಯದ ಪ್ರಿನ್ಸ್‌ವಿಲ್‌ನಲ್ಲಿ 12 ಮನೆಗಳನ್ನು ಕಿಂಡಿ ಇದ್ದವು, ಮುಚ್ಚಿದವು ಅಂತ ಹೋಲಿಸಿ ನೋಡಿತ್ತು. ಮುಚ್ಚಿದವು ಬೇಸಿಗೆಯಲ್ಲೂ ಒಣಗಿದ್ದವು, ಮೇಲಾಗಿ ಕರೆಂಟೂ ಉಳಿಯಿತು.

ಕಿಂಡಿ ಮುಚ್ಚಿ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಸೋ ಮೊದಲು ಹೊರಗಿನ ನೀರಿನ ದಾರಿ ಬದಲಿಸಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಕೆಳಗೆ ಕೆರೆ ಕಟ್ಟಿದ ಹಾಗಾಗುತ್ತೆ. ನಮ್ಮ ಚಾವಣಿಯ ನೀರೆಲ್ಲ ಗೋಡೆ ಬುಡಕ್ಕೇ ಸುರೀತಿತ್ತು. ಪೈಪ್ ಜೋಡಿಸಿ ದೂರಕ್ಕೆ ಬಿಟ್ಟು, ಗೋಡೆಯಿಂದ ಹತ್ತಡಿಗೆ ಆರಿಂಚು ಇಳಿಜಾರು ಬರೋ ಹಾಗೆ ಮಣ್ಣು ಎಳೆದೆವು.

ಆಮೇಲೆ ಪ್ಲಾಸ್ಟಿಕ್ ಹಾಳೆ. ಮೇಲ್ಮಣ್ಣು ಪುಡಿಪುಡಿಯಾಗಿ ಒಣಗಿ ಕಂಡರೂ ಜೇಡಿ ಕೆಳಗಿನ ತೇವ ಎಳೆದು ಆವಿಯಾಗಿ ಬಿಡ್ತಾನೇ ಇರುತ್ತೆ. ಇಲ್ಲಿಯ ಕಟ್ಟಡ ನಿಯಮ (ಕೋಡ್) ಕೇಳೋದು 6 ಮಿಲ್, ಅಂದರೆ 0.15 ಮಿ.ಮೀ. ದಪ್ಪ. ಆದರೆ ಅದರ ಮೇಲೆ ತೆವಳೋದು ನನ್ನ ಮೊಣಕಾಲು ತಾನೇ, ನೂಲಿನ ಬಲೆ ಇರೋ 12 ಮಿಲ್ ತಂದೆ. ಒಂದರ ಮೇಲೊಂದು ಅಡಿಯಷ್ಟು ಹೊದಿಸಿ ಟೇಪ್ ಹಾಕೋದು ಸುಲಭ. ಕಷ್ಟ ಇರೋದು ಕಂಬಗಳಲ್ಲಿ. ಇಟ್ಟಿಗೆಯ ಉಪ್ಪುಬೂದಿಯನ್ನು ತಂತಿಬ್ರಷ್‌ನಿಂದ ಉಜ್ಜದೆ ಟೇಪ್ ಅಂಟಿಸಿದರೆ ಬೆಳಗಾಗುವಷ್ಟರಲ್ಲಿ ಸುರುಳಿ ಸುತ್ತಿಕೊಂಡು ಕೆಳಗೆ. ಉಜ್ಜಿ, ಒರೆಸಿ, ಮ್ಯಾಸ್ಟಿಕ್ ಅನ್ನೋ ಗಟ್ಟಿ ಅಂಟು ಬಳಿದು, ಹಾಳೆಗೆ ಅಂಗಿಯ ಕಾಲರಿನ ಆಕಾರ ಕೊಟ್ಟು ಒತ್ತಬೇಕು. ಬೆನ್ನು ಮೇಲಕ್ಕೆ, ಮೂಗಿನ ತುದಿಯಲ್ಲಿ ಬೆವರು, ಕೈ ತುಂಬ ಮ್ಯಾಸ್ಟಿಕ್, ಅದೇ ಹೊತ್ತಿಗೆ ಫೋನ್ ರಿಂಗಾಗುತ್ತೆ. ಗೋಡೆಯ ಮೇಲಂಚಿನಲ್ಲಿ ಮೂರಿಂಚು ಬರಿದು ಬಿಟ್ಟಿದ್ದೇನೆ, ಗೆದ್ದಲು ಮಣ್ಣಿನ ಕೊಳವೆ ಕಟ್ಟಿದರೆ ಕಣ್ಣಿಗೆ ಬೀಳಲಿ ಅಂತ. ಇಲ್ಲಿಯ ನಿಯಮವೂ ಅದೇ.

ಕಿಂಡಿಗಳಿಗೆ ಗಟ್ಟಿ ಫೋಮ್ ತುರುಕಿ ಅಂಚು ಸೀಲ್ ಮಾಡಿದ್ದಾಯ್ತು. ಹಾಗೆ ಮುಚ್ಚಿ ಸುಮ್ಮನಿರೋ ಹಾಗಿಲ್ಲ, ತೇವ ಹೀರೋದು ಏನಾದರೂ ಒಳಗಿರಲೇಬೇಕು. ಡಿಹ್ಯುಮಿಡಿಫೈಯರ್ ಇಟ್ಟು ಶೇ 50 ಆರ್ದ್ರತೆಗೆ ಸೆಟ್ ಮಾಡಿದ್ದೇನೆ, ನೀರು ಪೈಪಿನಲ್ಲಿ ಹೊರಗೆ ಹೋಗುತ್ತೆ. ತೊಲೆಯ ತೇವ ಈಗ 14ರ ಹತ್ತಿರ. ನೆಲದ ಅಂಚು ಬಹುಪಾಲು ಕೂತಿದೆ. ಪೂರ್ತಿ ಕೂರೋವರೆಗೆ ಪಾಲಿಶ್ ಮಾಡಿಸಬೇಡಿ, ಈಗಲೇ ಉಜ್ಜಿದರೆ ಆಮೇಲೆ ಉಬ್ಬು ಉಲ್ಟಾ ಆಗುತ್ತೆ.

ನಿಮ್ಮ ಗ್ಯಾಸ್ ಫರ್ನೇಸ್ ಅಥವಾ ವಾಟರ್ ಹೀಟರ್ ಕೆಳಗೇ ಇದ್ದು, ಉರಿಯೋಕೆ ಅಲ್ಲಿಯ ಗಾಳಿಯನ್ನೇ ಎಳೆಯೋದಾದರೆ ಕಿಂಡಿ ಮುಟ್ಟಬೇಡಿ, ಮೊದಲು ತಿಳಿದವರನ್ನು ಕರೆಸಿ. ಕಾರ್ಬನ್ ಮಾನಾಕ್ಸೈಡ್ ಜೊತೆ ಆಟ ಬೇಡ. ಮುಚ್ಚಿದ ಮೇಲೆ ರೇಡಾನ್ (ಮಣ್ಣಿನಿಂದ ಏಳೋ ವಿಕಿರಣಶೀಲ ಅನಿಲ) ಟೆಸ್ಟನ್ನೂ ಮಾಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಪ್ರಕಾರ ಲೀಟರ್ ಗಾಳಿಗೆ 4 ಪಿಕೋಕ್ಯೂರಿ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹಾಳೆಯ ಕೆಳಗಿಂದ ಪೈಪ್ ಎಳೆದು ಫ್ಯಾನಿನಿಂದ ಚಾವಣಿಯ ಮೇಲಕ್ಕೆ ಬಿಡಿಸಬೇಕಾಗುತ್ತೆ. ನಮ್ಮದು 4ರ ಒಳಗೇ ಬಂತು.