ಕರ್ನಾಟಕ ರೆಜಿಮೆಂಟ್ ಯಾಕಿಲ್ಲ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಳಿಗ್ಗೆ ಐದೂವರೆಗೆ ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಮಿಲಿಟರಿ ಭರ್ತಿಗೆ ತಯಾರಾಗುವ ಹುಡುಗರನ್ನು ಓಡಿಸುತ್ತೇನೆ. ಓಟ ಮುಗಿದು ಬೆವರು ಒರೆಸಿಕೊಳ್ಳುವ ಹೊತ್ತಿಗೆ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ: “ಸರ್, ಸಿಖ್ಖರಿಗೈತಿ, ಮರಾಠರಿಗೈತಿ, ಮದ್ರಾಸ್ ಅಂತೊಂದೈತಿ. ನಮಗ್ಯಾಕ ಕರ್ನಾಟಕ ರೆಜಿಮೆಂಟ್ ಇಲ್ರೀ?” ಮದುವೆ ಮನೆಯಲ್ಲೂ ಇದೇ, ಬಸ್ಸಿನಲ್ಲೂ ಇದೇ. ನವೆಂಬರ್ ತಿಂಗಳಲ್ಲಂತೂ ಮೊಬೈಲಿಗೆ ಇದೇ ಪ್ರಶ್ನೆ ಬಣ್ಣಬಣ್ಣದ ಚಿತ್ರವಾಗಿ ಬರುತ್ತದೆ. ಪ್ರತಿಸಲ ಅರ್ಧಂಬರ್ಧ ಹೇಳಿ ಸುಮ್ಮನಾಗುತ್ತಿದ್ದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲನೆಯದಾಗಿ, ರೆಜಿಮೆಂಟುಗಳ ಹೆಸರು ರಾಜ್ಯಗಳ ಪಟ್ಟಿ ನೋಡಿ ಇಟ್ಟದ್ದಲ್ಲ. ತಮಿಳುನಾಡು ರೆಜಿಮೆಂಟ್ ಇಲ್ಲ, ಕೇರಳ, ಆಂಧ್ರ, ಮಹಾರಾಷ್ಟ್ರ ಯಾವುದರ ಹೆಸರಿನದೂ ಇಲ್ಲ. ಮದ್ರಾಸ್ ಅಂದರೆ ಈಸ್ಟ್ ಇಂಡಿಯಾ ಕಂಪನಿ ಕಾಲದ ಮದ್ರಾಸ್ ಪ್ರೆಸಿಡೆನ್ಸಿ ಎಂಬ ಪ್ರಾಂತ. ಅದರ ಸೈನ್ಯದ ಬೇರು 1758ರಷ್ಟು ಹಿಂದಕ್ಕೆ ಹೋಗುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿ 1768ರಲ್ಲಿ ಮುಂಬಯಿ ಸಿಪಾಯಿಗಳ ಒಂದು ಪಟಾಲಮಾಗಿ, ಅಂದರೆ ಬೆಟಾಲಿಯನ್ ಆಗಿ, ಹುಟ್ಟಿದ್ದು. ಆಗ ಕರ್ನಾಟಕ ಎನ್ನುವ ರಾಜ್ಯವೇ ಇರಲಿಲ್ಲ. ಮುಂದೆ ಬ್ರಿಟಿಷರ ಕಾಲದಲ್ಲೂ ಬೆಳಗಾವಿಯಿಂದ ಮಂಗಳೂರುವರೆಗೆ ನಾವೆಲ್ಲ ಮುಂಬಯಿ, ಹೈದರಾಬಾದ್, ಮೈಸೂರು, ಕೊಡಗು, ಮದ್ರಾಸ್ ಎಂದು ಹಂಚಿಹೋಗಿದ್ದೆವು. ಸೈನ್ಯದಲ್ಲೂ ಹಾಗೆಯೇ ಹಂಚಿಹೋದೆವು. ಕೆಲವರು 1903ರ ಪಟ್ಟಿಯಲ್ಲಿ ‘73ನೇ ಕರ್ನಾಟಿಕ್ ಇನ್‌ಫೆಂಟ್ರಿ’ ಎಂಬುದನ್ನು ತೋರಿಸಿ “ನೋಡಿ, ನಮ್ಮದೂ ಇತ್ತು” ಎನ್ನುತ್ತಾರೆ. ಅದು ಈಗಿನ ತಮಿಳುನಾಡಿನ ಆರ್ಕಾಟ್ ಕಡೆಯ ‘ಕರ್ನಾಟಿಕ್’. ನಮ್ಮದಲ್ಲ.

ಇಷ್ಟೇ ಆಗಿದ್ದರೆ ಹೆಸರಿನ ಗೊಂದಲ ಅಂತ ಬಿಟ್ಟುಬಿಡಬಹುದಿತ್ತು. ಇದರ ಹಿಂದೆ ಒಂದು ಕೆಟ್ಟ ಸಿದ್ಧಾಂತವಿದೆ. ಸಿಟ್ಟು ಮಾಡುವುದಾದರೆ ಅದರ ಮೇಲೆ ಮಾಡಬೇಕು.

1857ರ ದಂಗೆಯ ನಂತರ ಬ್ರಿಟಿಷರಿಗೆ ಯಾರನ್ನು ನಂಬಬೇಕು, ಯಾರಿಗೆ ಬಂದೂಕು ಕೊಡಬೇಕು ಎಂಬ ಚಿಂತೆ ಹಿಡಿಯಿತು. ಅದೇ ವರ್ಷ ನಮ್ಮ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ತಿರುಗಿಬಿದ್ದು ಊರು ಸುಡಿಸಿಕೊಂಡವರು. ಕಾದಾಡುವ ಗುಣ ಇಲ್ಲಿ ಕಡಿಮೆಯಿತ್ತು ಎಂದು ಯಾರೂ ಹೇಳಲಾರರು. ಆದರೆ ಮುಂದೆ ‘ಯೋಧ ಜನಾಂಗಗಳು’ ಎಂಬ ವಾದ ಬೆಳೆಯಿತು. ಕೆಲವು ಜಾತಿಗಳು ಹುಟ್ಟಿನಿಂದಲೇ ಸೈನಿಕರು, ಉಳಿದವರು ಅಲ್ಲ ಎನ್ನುವುದು ಅದರ ಸಾರ. ಅದನ್ನು ಜೋರಾಗಿ ಪ್ರತಿಪಾದಿಸಿದವನು ಜನರಲ್ ರಾಬರ್ಟ್ಸ್. ಈತ 1881ರಿಂದ 85ರವರೆಗೆ ಮದ್ರಾಸ್ ಸೈನ್ಯದ ಮುಖ್ಯಸ್ಥನಾಗಿದ್ದು, ಆಮೇಲೆ 1893ರವರೆಗೆ ಇಡೀ ಭಾರತದ ಸೇನಾ ಮುಖ್ಯಸ್ಥನಾದ. ದಕ್ಷಿಣದ ಸಿಪಾಯಿಗಳು ಬಹುಕಾಲ ಯುದ್ಧ ಕಾಣದೆ ಮೆತ್ತಗಾಗಿದ್ದಾರೆ ಎಂಬುದು ಅವನ ತೀರ್ಮಾನ. ಭರ್ತಿ ಪಂಜಾಬ್, ನೇಪಾಳ, ವಾಯವ್ಯ ಗಡಿಯ ಕಡೆಗೆ ವಾಲಿತು. ಭರ್ತಿ ಮಾಡುವ ಅಧಿಕಾರಿಗಳಿಗೆ ಕೈಪಿಡಿಗಳೇ ಅಚ್ಚಾದವು. ಯಾವ ಜಿಲ್ಲೆಯ ಯಾವ ಜಾತಿಯವನು ಒಳ್ಳೆಯವನು, ಯಾರನ್ನು ಬಿಡಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ ಕೊಂಡ ಹಾಗೆ.

ಕೊಡವರು ಮಾತ್ರ ಅವರ ಕಣ್ಣಿಗೆ ಚೆನ್ನಾಗಿ ಕಂಡರು. ಮದ್ರಾಸಿನ ಹಳೆಯ ಪಟಾಲಮೊಂದಕ್ಕೆ ‘71ನೇ ಕೂರ್ಗ್ ರೈಫಲ್ಸ್’ ಎಂದು ಹೆಸರಿಟ್ಟರು. 1904ರಲ್ಲೇ ಅದನ್ನು ಮುಚ್ಚಿದರು. ಆಗ ಇಡೀ ಕೊಡವ ಜನಸಂಖ್ಯೆಯೇ ಮೂವತ್ತಾರು ಸಾವಿರದ ಆಸುಪಾಸು. ಹೆಂಗಸರು, ಮಕ್ಕಳು, ಮುದುಕರನ್ನು ಬಿಟ್ಟರೆ ವರ್ಷವರ್ಷವೂ ಒಂದು ಪಟಾಲಂ ತುಂಬಿಸುವಷ್ಟು ಹುಡುಗರು ಎಲ್ಲಿಂದ ಬರಬೇಕು? ಕನ್ನಡನಾಡಿನ ಒಂದು ಸೀಮೆಯ ಹೆಸರು ಹೊತ್ತ ಕಾಲಾಳು ಪಡೆ ಹೀಗೆ ಬಂದು ಹೀಗೆ ಹೋಯಿತು.

ಮೊದಲ ಮಹಾಯುದ್ಧದ ಮೇಲೆ ಇನ್ನೊಂದು ಬದಲಾವಣೆ ಆಯಿತು. ಹುಡುಗರಿಗೆ ಇದನ್ನೇ ನಾನು ಹೆಚ್ಚು ಹೊತ್ತು ಹೇಳುವುದು. ಅಲ್ಲಿಯವರೆಗೆ ಹೊಸಬನನ್ನು ಅವನ ಪಟಾಲಮೇ ತಯಾರು ಮಾಡುತ್ತಿತ್ತು. ಹಳೆಯ ಹವಾಲ್ದಾರ, ಒಂದು ಮೈದಾನ, ಅಷ್ಟೇ. ಯುದ್ಧದಲ್ಲಿ ಜನ ಸಾಲುಸಾಲಾಗಿ ಸತ್ತಾಗ ಆ ಜಾಗ ತುಂಬಲು ಈ ಪದ್ಧತಿ ಸಾಲಲಿಲ್ಲ. 1922ರಲ್ಲಿ ನಾಲ್ಕಾರು ಪಟಾಲಂ ಸೇರಿಸಿ ಒಂದು ದೊಡ್ಡ ರೆಜಿಮೆಂಟ್ ಮಾಡಿ, ಅದರ 10ನೇ ಪಟಾಲಮನ್ನು ತರಬೇತಿಗೆಂದೇ ಮೀಸಲಿಟ್ಟರು. ಇವತ್ತಿನ ರೆಜಿಮೆಂಟಲ್ ಸೆಂಟರುಗಳ ಮೂಲ ಅದು. ಮರಾಠರ ತರಬೇತಿ ಪಟಾಲಂ ಬೆಳಗಾವಿಗೆ ಬಂತು, ಇವತ್ತಿಗೂ ಇಲ್ಲೇ ಕ್ಯಾಂಪಿನಲ್ಲಿದೆ. ಯಾವ ಸೀಮೆಯ ಹುಡುಗರು, ಯಾವ ಭಾಷೆ, ಯಾವ ದೇವರ ಹೆಸರಿನ ಜೈಕಾರ, ಎಲ್ಲವೂ ಸೆಂಟರಿನಲ್ಲಿ ಗಟ್ಟಿಯಾಗಿ ಕೂತವು. ರೆಜಿಮೆಂಟ್ ಎಂದರೆ ಒಂದು ಸೆಂಟರ್ ಮತ್ತು ಅದಕ್ಕೆ ಹುಡುಗರನ್ನು ಕೊಡುವ ಸೀಮೆ. ಆ ಹೊತ್ತಿಗೆ ದಕ್ಷಿಣದ ಪಟಾಲಂಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. 1933ರಲ್ಲಿ ಮದ್ರಾಸ್ ಪಯೋನಿಯರ್ಸ್ ಕೂಡ ಹೋಯಿತು. ಉಳಿದದ್ದು ಬೆಂಗಳೂರು ದಂಡಿನ ಮದ್ರಾಸ್ ಸ್ಯಾಪರ್ಸ್. 1780ರಿಂದ ರಸ್ತೆ, ಸೇತುವೆ, ಸುರಂಗದ ಕೆಲಸ ಮಾಡುತ್ತ ಬಂದವರನ್ನು ಬಿಡಲು ಬ್ರಿಟಿಷರಿಗೂ ಧೈರ್ಯ ಬರಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ಎರಡು ಲಕ್ಷದಷ್ಟಿದ್ದ ಸೈನ್ಯವನ್ನು ಇಪ್ಪತ್ತೈದು ಲಕ್ಷಕ್ಕೆ ಏರಿಸಬೇಕಾಯಿತು. ಯೋಧ ಜನಾಂಗದ ಮಾತನ್ನು ಮೂಲೆಗೆ ಸರಿಸಿದರು. ಮದ್ರಾಸ್ ರೆಜಿಮೆಂಟ್ ಮತ್ತೆ ಹುಟ್ಟಿತು. ತೆಳ್ಳಗಿನ, ಕಪ್ಪಗಿನ ದಕ್ಷಿಣದ ಹುಡುಗರು ರಾತ್ರೋರಾತ್ರಿ ಶೂರರಾದರು ನೋಡಿ!

ಹಾಗಾದರೆ ಸ್ವಾತಂತ್ರ್ಯ ಬಂದ ಮೇಲಾದರೂ ನಮ್ಮದೊಂದನ್ನು ಮಾಡಬಹುದಿತ್ತಲ್ಲ? ಉತ್ತರದಲ್ಲಿ ಒಂದು ತಮಾಷೆಯಿದೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು ಕೊಡಗಿನ ಕೆ. ಎಂ. ಕಾರ್ಯಪ್ಪ. ಅವರು ಮನಸ್ಸು ಮಾಡಿದ್ದು ಕೂರ್ಗ್ ರೆಜಿಮೆಂಟಿಗಲ್ಲ, ಜಾತಿ ಸೀಮೆ ನೋಡದೆ ಎಲ್ಲರನ್ನೂ ಸೇರಿಸುವ ಗಾರ್ಡ್ಸ್ ಎಂಬ ಹೊಸ ಪಡೆಗೆ. ಅದೇ ವರ್ಷ ಪಂಜಾಬ್, ಗ್ರೆನೇಡಿಯರ್ಸ್, ರಾಜಪುತಾನಾ ರೈಫಲ್ಸ್, ರಜಪೂತ ರೆಜಿಮೆಂಟುಗಳ ಹಳೆಯ ಪಟಾಲಂಗಳನ್ನೇ ತೆಗೆದು ಅದನ್ನು ಕಟ್ಟಿದರು. ಜಾತಿ, ಪ್ರದೇಶದ ಹೆಸರಿನಲ್ಲಿ ಹೊಸ ರೆಜಿಮೆಂಟ್ ಬೇಡ, ಇದ್ದದ್ದು ಇರಲಿ ಎಂಬುದು ಆಗಿನಿಂದ ಸರ್ಕಾರದ ನಿಲುವು. 1970ರ ನಾಗಾ ರೆಜಿಮೆಂಟ್ ಒಂದು ಅಪವಾದ, ಅದಕ್ಕೆ ಅಲ್ಲಿಯದೇ ರಾಜಕೀಯ ಕಾರಣಗಳಿದ್ದವು. ಅಹೀರ್ ರೆಜಿಮೆಂಟ್ ಕೇಳಿದವರಿಗೂ ಗುಜರಾತ್ ರೆಜಿಮೆಂಟ್ ಕೇಳಿದವರಿಗೂ ಸಿಕ್ಕಿದ್ದು ಇದೇ ಉತ್ತರ. 2022ರ ಅಗ್ನಿಪಥ ಭರ್ತಿ ಯೋಜನೆ ಬಂದ ಮೇಲಂತೂ ಭರ್ತಿ ಅಖಿಲ ಭಾರತ, ಎಲ್ಲ ವರ್ಗ ಎನ್ನುವ ಆಧಾರದ ಮೇಲೆ ಎಂದು ಘೋಷಿಸಿಯೇ ಆಯಿತು.

ಮೈಸೂರು ಸಂಸ್ಥಾನದ ಪಡೆ ಎಲ್ಲಿ ಹೋಯಿತು ಎಂದು ಹಳೇ ಮೈಸೂರಿನವರು ಕೇಳುತ್ತಾರೆ. ಎಲ್ಲೂ ಹೋಗಿಲ್ಲ, ಹೆಸರು ಬದಲಾಗಿದೆ. ಮೈಸೂರು ಇನ್‌ಫೆಂಟ್ರಿಯೇ ಇವತ್ತಿನ 18ನೇ ಮದ್ರಾಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು 61ನೇ ಕ್ಯಾವಲ್ರಿಯಲ್ಲಿ ಸೇರಿಹೋದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಕಲ್ಲುಕಂಬವಿದೆ. ಅದರ ಪಕ್ಕವೇ ದಿನಾ ಓಡಾಡುವವರಲ್ಲಿ ಎಷ್ಟು ಜನ ನಿಂತು ಓದಿದ್ದಾರೋ.

ಇನ್ನು ನನ್ನ ಮಾತು. ರೆಜಿಮೆಂಟ್ ಬೇಕು ಎನ್ನುವವರ ಜೊತೆ ನಾನು ಸೇರುವುದಿಲ್ಲ. ರಾಬರ್ಟ್ಸ್ ಹಾಕಿದ ಬೇಲಿಯೊಳಗೆ ನಮಗೂ ಒಂದು ಜಾಗ ಕೊಡಿ ಎಂದು ಕೇಳಿದ ಹಾಗೆ ಅದು. ಆದರೆ ಆ ಬೇಡಿಕೆಯ ಅಡಿಯಲ್ಲಿ ಇರುವ ನೋವು ಸುಳ್ಳಲ್ಲ. ನಾನು ರಂಗ್ರೂಟನಾಗಿ ಸೇರಿದ ಸೆಂಟರಿನಲ್ಲಿ, ಯಾವುದೆಂದು ಬೇಡ, ಮೊದಲ ವಾರ ಉಸ್ತಾದ್ “ದಾಹಿನೇ ಮುಡ್” ಎಂದಾಗ ಎಡಕ್ಕೆ ತಿರುಗಿ ಪಕ್ಕದವನ ಹಲ್ಲಿಗೆ ತಲೆ ಕೊಟ್ಟವನು ನಾನು. ಹಿಂದಿ ಬರುತ್ತಿರಲಿಲ್ಲ. ಮೈದಾನ ಸುತ್ತಿಸಿದರು, ಉರುಳಾಡಿಸಿದರು. ಅದಕ್ಕೆ ‘ರಗಡಾ’ ಎನ್ನುತ್ತಾರೆ ಎಂಬುದೂ ಉರುಳಿದ ಮೇಲೆಯೇ ತಿಳಿದದ್ದು. ಬ್ಯಾರಕ್ಕಿನಲ್ಲಿ ಕನ್ನಡದವರು ನಾವು ಮೂವರು. ಆರು ತಿಂಗಳಲ್ಲಿ ಹಿಂದಿ ಬಂತು, ಜೊತೆಗೆ ತಮಿಳೂ ಬಂತು. ಕಸಮ್ ಪರೇಡಿಗೆ, ಅಂದರೆ ತರಬೇತಿ ಮುಗಿಸಿ ಪ್ರಮಾಣ ಮಾಡುವ ಕವಾಯತಿಗೆ, ಬಂದ ಅಪ್ಪ ಫೋಟೋ ತೆಗೆಸಿಕೊಳ್ಳುವಾಗ ಕೇಳಿದ್ದು, “ಯಾಕೋ, ಮಾತು ಮರತೀಯೇನು?”

ಅದಕ್ಕೇ ಈಗ ನಮ್ಮ ಹುಡುಗರಿಗೆ ಓಟದ ಜೊತೆಗೆ ಒಂದು ಹಾಳೆ ಕೊಡುತ್ತೇನೆ. 1.6 ಕಿಲೋಮೀಟರ್ ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ, ಹತ್ತು ಪುಲ್‌ಅಪ್ ಹೊಡೆದರೆ ನಲವತ್ತು ಎಂಬುದು ಮೇಲುಗಡೆ. ಅದರ ಕೆಳಗೆ ಐವತ್ತು ಹಿಂದಿ ಮಾತು, ಎದುರಿಗೆ ಕನ್ನಡ. ಸಾವಧಾನ್, ವಿಶ್ರಾಮ್, ಗಿನ್ತಿ, ಪೀಛೇ ಮುಡ್. ಎಲ್ಲಕ್ಕಿಂತ ಮೊದಲಿಗೆ, ದಪ್ಪ ಅಕ್ಷರದಲ್ಲಿ: ದಾಹಿನೇ ಅಂದರೆ ಬಲಕ್ಕೆ.