ಆಣೆ ಮಾಡಿಸೋದು ಬಿಡ್ರಿ

ನಮ್ಮ ಕಲಬುರಗಿ ಕಡೆ ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ, ಮನೆಯವರು ಮೊದಲು ಮಾಡುವುದು ಆಣೆ ಹಾಕಿಸುವುದು. ಆಮೇಲೆ ಗಾಣಗಾಪುರ. ಅದೂ ಆದ ಮೇಲೆ, ಯಾರೋ ಹೇಳಿದರು ಅಂತ ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬರುತ್ತಾರೆ. "ಶರಣಬಸಪ್ಪನ ಆಣಿ ಮಾಡಿಸೀವ್ರಿ ಮೇಡಂ, ಇನ್ನ ಹಂಗ ಮಾಡಂಗಿಲ್ಲ ಅಂದಾನ" ಅನ್ನುವಾಗ ತಾಯಿಯ ಮುಖದಲ್ಲಿ ಅಷ್ಟು ನೆಮ್ಮದಿ. ಮಗ ಮಾತ್ರ ನೆಲ ನೋಡುತ್ತಾ ಕೂತಿರುತ್ತಾನೆ.

ಆಣೆಯಿಂದ ಸಮಾಧಾನ ಸಿಗುವುದು ಮಾಡಿಸಿದವರಿಗೆ. ಮಾಡಿದವನಿಗೆ ಬಾಯಿ ಕಟ್ಟಿದ ಹಾಗಾಗುತ್ತದೆ. ಮತ್ತೆ ಅದೇ ಯೋಚನೆ ಬಂದರೆ ಯಾರಿಗೆ ಹೇಳಬೇಕು? ಹೇಳಿದರೆ ಆಣೆ ಮುರಿದ ಹಾಗೆ ಅಲ್ವಾ?

ಇದು ಸುಮ್ನೆ ನನ್ನ ಅನಿಸಿಕೆ ಅಲ್ಲ. "ಜೀವಕ್ಕೆ ಅಪಾಯ ಮಾಡಿಕೊಳ್ಳುವುದಿಲ್ಲ" ಅಂತ ರೋಗಿಯಿಂದ ಮಾತು ತಗೊಳ್ಳುವ ಪದ್ಧತಿ ಅಮೆರಿಕದ ಆಸ್ಪತ್ರೆಗಳಲ್ಲೂ ಇತ್ತು. ಕ್ರೇಗ್ ಬ್ರಯಾನ್ ಎಂಬ ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಅವರ ತಂಡ ಕೊಲೊರಾಡೊದ ಫೋರ್ಟ್ ಕಾರ್ಸನ್ ಸೇನಾ ನೆಲೆಯಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 97 ಸೈನಿಕರು. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಂದ ಮಾತು ತಗೊಂಡರು. ಉಳಿದವರ ಜೊತೆ ಕೂತು, ಕಷ್ಟದ ಹೊತ್ತಲ್ಲಿ ಏನು ಮಾಡಬೇಕು ಅಂತ ಅವರ ಕೈಯಲ್ಲೇ ಒಂದು ಚಿಕ್ಕ ಕಾರ್ಡ್ ಬರೆಸಿದರು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು, ಮಾತು ಕೊಟ್ಟವರಲ್ಲಿ ಅಂದಾಜು ಶೇ 19. ಕಾರ್ಡ್ ಬರೆದವರಲ್ಲಿ ಶೇ 5.

ಚಿಕ್ಕ ಅಧ್ಯಯನ, ಅದೂ ಸೈನಿಕರು, ಒಪ್ಪುತ್ತೇನೆ. ಆದರೆ ಅಮೆರಿಕದ ಸೈಕಾಲಜಿಸ್ಟ್‌ಗಳಾದ ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗೊರಿ ಬ್ರೌನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಬಂದ 1,640 ಜನ ಇದ್ದರು. ಹೀಗೇ ಒಂದು ಯೋಜನೆ ಬರೆಸಿ, ಮನೆಗೆ ಹೋದ ಮೇಲೂ ಫೋನ್ ಮಾಡಿ ವಿಚಾರಿಸಿದ ಆಸ್ಪತ್ರೆಗಳಲ್ಲಿ, ಹಾಗೆ ಮಾಡದ ಆಸ್ಪತ್ರೆಗಳಿಗಿಂತ ಆತ್ಮಹತ್ಯಾ ವರ್ತನೆ ಶೇ 45ರಷ್ಟು ಕಡಿಮೆ ಇತ್ತು.

ಕಾರ್ಡ್ ನಮ್ಮಲ್ಲಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಚಿತ್ತಾಪುರ ಕಡೆಯ ಒಬ್ಬ ತೊಗರಿ ರೈತ ಅಂದುಕೊಳ್ಳಿ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೊದಲ ಸಾಲು, ಎಚ್ಚರಿಕೆಯ ಗುರುತು: "ಎಲ್ಲರೂ ಮಲಗಿದ ಮೇಲೆ ಸಾಲದ ಲೆಕ್ಕ ಹಾಕೋದು ಶುರು ಆದರೆ." ಒಬ್ಬನೇ ಮಾಡಬಹುದಾದದ್ದು: "ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಮೇವು ಹಾಕೋದು." ಜನ ಇರುವ ಜಾಗ: ಅಗಸಿ ಕಟ್ಟೆ. ಆಮೇಲೆ ಸಹಾಯ ಕೇಳಬಹುದಾದವರು. ಅಲ್ಲಿ ತಂಗಿಯ ಹೆಸರು ಬರೆದು ಪೆನ್ನು ಕೆಳಗಿಟ್ಟರು.

"ಫೋನ್ ಹಚ್ಚಿ ಏನಂತ ಅನ್ಲಿ ಮೇಡಂ?"

ಈ ಪ್ರಶ್ನೆ ನನಗೆ ಬಹಳ ಮುಖ್ಯ ಅನಿಸುತ್ತದೆ. ನಂಬರ್ ಎಲ್ಲರ ಹತ್ತಿರ ಇರುತ್ತದೆ, ಮೊದಲ ಮಾತು ಇರುವುದಿಲ್ಲ. ಇಬ್ಬರೂ ಕೂತು ಹುಡುಕಿದೆವು. ನಾನು ಹೇಳಿದ್ದೆಲ್ಲ ಪುಸ್ತಕದ ಮಾತಿನ ಹಾಗೆ ಇತ್ತು. ಕೊನೆಗೆ ಅವರೇ ಬರೆದರು: "ತಂಗಿ, ಮನಸು ಭಾಳ ಕೆಟ್ಟೈತಿ, ಜರಾ ಮಾತಾಡು." ಅದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ.

ಇನ್ನೊಂದು ಸಾಲು ಮನೆಯವರಿಗೆ. ಬೆಳೆಗೆ ಹೊಡೆಯುವ ಔಷಧ ಮನೆಯಲ್ಲಿ ಇಡಬಾರದು, ಬೇರೆಯವರ ಹತ್ತಿರ ಬೀಗದಲ್ಲಿ ಇರಲಿ. ತೀರಾ ಕೆಟ್ಟ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದ್ದು, ಅಷ್ಟು ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ. "ಮಾಡಬೇಕು ಅನ್ನೋರು ಹೆಂಗರೆ ಮಾಡ್ತಾರ" ಅನ್ನುವ ಮಾತು ನಮ್ಮಲ್ಲಿ ಜಾಸ್ತಿ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ತುಂಬಾ ಇಳಿಯಿತು. ಹಾಗಾಗಿ ಆ ಮಾತನ್ನು ನಾನು ಒಪ್ಪುವುದಿಲ್ಲ.

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ನೋಡುತ್ತದೆ. ಶಿಕ್ಷೆ ಅಲ್ಲ, ಆರೈಕೆ ಕೊಡುವುದು ಸರ್ಕಾರದ ಕೆಲಸ. ಡಾಕ್ಟರ್ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿ.

ಕಾರ್ಡಿನ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್, 14416. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದುಕೊಟ್ಟು ಸುಮ್ಮನಾಗುವುದಿಲ್ಲ ನಾನು. ನನ್ನ ಎದುರಿಗೇ ಒಮ್ಮೆ ಹಚ್ಚಿಸುತ್ತೇನೆ, ಆ ಕಡೆಯ ದನಿ ಕೇಳಿ ಪರಿಚಯ ಆಗಲಿ ಅಂತ. ಸಿಗ್ನಲ್ ಸರಿಯಾಗಿ ಸಿಗದ ಊರಾದರೆ, ಎಲ್ಲಿ ನಿಂತರೆ ಫೋನ್ ಹತ್ತುತ್ತದೆ ಅನ್ನುವುದನ್ನೂ ಕಾರ್ಡಿನಲ್ಲೇ ಬರೆಯುತ್ತೇವೆ.